ಕೋವಿಯನ್ನು ಎರಡು ಸಲ ಕೇಳಬೇಕು

ನಮ್ಮ ಮನೆಯಲ್ಲಿ ಕೋವಿ ಇರಲಿಲ್ಲ. ಇದನ್ನು ಮೊದಲಿಗೇ ಹೇಳಿಬಿಡುವುದು ಕ್ಷೇಮ, ಯಾಕೆಂದರೆ ಮುಂದೆ ಬರುವುದೆಲ್ಲ ಕೋವಿಯ ವಿಷಯವೇ. ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಹಿಂಬದಿಯ ಕಟ್ಟಡವೊಂದರ ಆರನೆಯ ಮಹಡಿಯಲ್ಲಿ ನಾವು ನಾಲ್ಕು ಜನ ವಾಸವಾಗಿದ್ದೆವು. ಒಂದು ಬೆಡ್‌ರೂಮು, ಒಂದು ಹಾಲ್, ಒಬ್ಬರು ನಿಂತಿದ್ದರೆ ಇನ್ನೊಬ್ಬರು ಫ್ರಿಜ್ಜಿನ ಬಾಗಿಲು ತೆರೆಯಲಾಗದ ಒಂದು ಅಡುಗೆಮನೆ. ಬೆಡ್‌ರೂಮು ಪಪ್ಪ, ಅಮ್ಮ ಮತ್ತು ನನ್ನದು. ಹಾಲ್ ಅಜ್ಜನ ಸಾಮ್ರಾಜ್ಯ. ರಾತ್ರಿ ಹಾಸಿಗೆಯಾಗಿ ಬಿಚ್ಚಿಕೊಳ್ಳುವ ಸೋಫಾವೇ ಅವರ ಸಿಂಹಾಸನ. ಸಿಂಹಾಸನದ ಎದುರಿಗೆ ಟಿ.ವಿ., ಬಲಕ್ಕೆ ಎ.ಸಿ., ಎಡಕ್ಕೆ ಕಿಟಕಿ. ಕಿಟಕಿಯ ಹೊರಗೆ ಎದುರಿನ ಕಟ್ಟಡದ ಕಿಟಕಿ. ಅಜ್ಜಿ ತೀರಿಕೊಂಡ ಮೇಲೆ ಪಪ್ಪ ಅವರನ್ನು ಊರಿನಿಂದ ಕರೆತಂದಿದ್ದರು. ವೀಸಾದ ಕಾಗದದಲ್ಲಿ ಅಜ್ಜ ಪಪ್ಪನ ಅವಲಂಬಿತರು ಎಂದು ಬರೆದಿತ್ತು. ಅದನ್ನು ಯಾರೋ ಓದಿ ಅರ್ಥ ಹೇಳಿದ ದಿನ ಅಜ್ಜ ಊಟ ಬಿಟ್ಟರು. ಸಂಜೆ ಚಹಾಕ್ಕೆ ಮಾತ್ರ ರಿಯಾಯಿತಿ ತೋರಿದರು.

ಬರುವಾಗ ಅವರು ತಂದ ಸೊತ್ತು ಒಂದು ಟ್ರಂಕು, ಒಂದು ಉದ್ದ ಕೊಡೆ, ಮತ್ತು ಕೊಡೆಗೆ ಬಿಗಿದು ಕಟ್ಟಿದ ಹಿತ್ತಾಳೆ ತುದಿಯ ಒಂದು ತೆಳು ಮರದ ಕೋಲು. ಅದು ಕೋವಿಯ ಗಜ. ಹಳೆಯ ಕೇಪಿನ ಕೋವಿಗೆ ಹಿಂದಿನಿಂದ ತೋಟೆ ತುರುಕುವ ಸೌಕರ್ಯವಿಲ್ಲ. ಎಲ್ಲವೂ ಬಾಯಿಯಿಂದಲೇ ಹೋಗಬೇಕು. ಮೊದಲು ಅಳತೆಯ ಮದ್ದು, ಆಮೇಲೆ ಎಣ್ಣೆ ಸವರಿದ ಬಟ್ಟೆಯ ತುಂಡು, ಅದರ ಮೇಲೆ ಈಯದ ಉರುಟು ಗುಂಡು. ಬಟ್ಟೆ ಸಮೇತ ಗುಂಡನ್ನು ನಳಿಗೆಯ ತಳದವರೆಗೆ ಒತ್ತಿ ಕೂರಿಸುವ ಕೋಲೇ ಗಜ. ಬಟ್ಟೆ ಯಾಕೆ ಎಂದು ನಾನು ಕೇಳಿದ್ದಕ್ಕೆ ಅಜ್ಜ ಒಂದು ಇಡೀ ಮಧ್ಯಾಹ್ನ ವ್ಯಯಿಸಿದ್ದರು. ನಳಿಗೆಯೊಳಗೆ ತಿರುಚಿದ ಗೀರುಗಳಿರುತ್ತವೆ, ಬಟ್ಟೆ ಆ ಗೀರನ್ನು ಕಚ್ಚಿ ಹಿಡಿದು ಗುಂಡನ್ನು ತಿರುಗಿಸುತ್ತ ಕಳುಹಿಸುತ್ತದೆ, ಬಟ್ಟೆಯಿಲ್ಲದ ಗುಂಡು ಕುಡಿದವನ ಹಾಗೆ ಹೋಗುತ್ತದೆ, ಎಂಬುದು ಸಾರಾಂಶ. ಅವರ ಗುಂಡುಗಳೆಲ್ಲ ಅಜ್ಜಿಯ ಹಳೆಯ ರವಕೆಗಳನ್ನು ಸುತ್ತಿಕೊಂಡೇ ಕಾಡಿಗೆ ಹೋದವು. ಗದ್ದೆಗೆ ನುಗ್ಗುವ ಹಂದಿಗೆ ಅವರು ಹೊಂಚು ಕೂರುತ್ತಿದ್ದುದು ಒಂದೇ ಗುಂಡಿನ ಭರವಸೆಯಲ್ಲಿ. ಎರಡನೆಯದನ್ನು ತುಂಬಿಸುವಷ್ಟು ಪುರಸೊತ್ತನ್ನು ಹಂದಿ ಕೊಡುವುದಿಲ್ಲ. ಆದ್ದರಿಂದ ಹತ್ತಿರ ಬರುವವರೆಗೆ ಕಾಯಬೇಕು, ಹತ್ತಿರ ಬಂದ ಮೇಲೂ ಸ್ವಲ್ಪ ಕಾಯಬೇಕು. ಮುಂದೆ ಸರ್ಕಾರ ಕಾಡುಪ್ರಾಣಿಗಳಿಗೆ ರಕ್ಷಣೆ ಕೊಟ್ಟಿತು. ಅಜ್ಜನೂ ಕೋವಿಯೂ ಸೇವೆಯಿಂದ ನಿವೃತ್ತರಾಗಬೇಕಾಯಿತು. ನಿವೃತ್ತಿಯ ಬಳಿಕವೂ ಇಬ್ಬರೂ ಒಮ್ಮೊಮ್ಮೆ ಓವರ್‌ಟೈಮ್ ಮಾಡಿದ್ದರೆಂದು ಕೇಳಿದ್ದೇನೆ. ವಿವರ ನನಗೆ ಗೊತ್ತಿಲ್ಲ, ಗೊತ್ತಿದ್ದರೂ ಬರೆಯುವುದಿಲ್ಲ.

ನನ್ನ ವಿದ್ಯಾಭ್ಯಾಸ ನಡೆದದ್ದು ಪ್ರತಿ ಶುಕ್ರವಾರ ಬೆಳಿಗ್ಗೆ, ಹಾಲ್‌ನಲ್ಲಿ. ಪರದೆಯ ಹಳೆಯ ಉಕ್ಕಿನ ಪೈಪೇ ನಳಿಗೆ. ಅದರ ಒಂದು ತುದಿಗೆ ಕಬ್ಬಿಣದ ಬಿರಡೆ ಜಡಿದಿತ್ತು. ಮದ್ದಿನ ಬದಲು ರವೆ. ಗುಂಡಿನ ಬದಲು ಗೋಲಿ. ಬಟ್ಟೆಗೆ ಅಮ್ಮನ ಹಳೆಯ ನೈಟಿ. ಮದ್ದಿಗೆ ಕಿಡಿ ಹಚ್ಚುವ ಕೇಪು ಇರಲಿಲ್ಲವಾದ್ದರಿಂದ ನಾಲಿಗೆಯಲ್ಲೇ ‘ಟಪ್’ ಎನ್ನಬೇಕಿತ್ತು. ಎಂಟು ವರ್ಷದ ಬೇರೆ ಹುಡುಗಿಯರು ಕೀಬೋರ್ಡ್ ಕ್ಲಾಸಿಗೆ ಹೋಗುತ್ತಿದ್ದಾಗ ನಾನು ಒಂದು ಗೋಲಿಯನ್ನು ನೈಟಿಯಲ್ಲಿ ಸುತ್ತಿ ಪರದೆ ಪೈಪಿನ ತಳ ಮುಟ್ಟಿಸುವುದನ್ನು ಕಲಿತೆ. ಇಂದಿಗೂ ನನ್ನ ವಯಸ್ಸನ್ನು ಲೆಕ್ಕ ಹಾಕುವಾಗ ಒಂದೆರಡು ತಲೆಮಾರು ಸೇರಿಸಿಕೊಳ್ಳಬೇಕಾಗಿ ಬರುವುದು ಆ ಶುಕ್ರವಾರಗಳಿಂದಾಗಿ.

ಆದರೆ ತುಂಬಿಸುವುದಕ್ಕೆ ಮೊದಲು ಕೇಳಬೇಕು. ಇದು ನಮ್ಮ ಮನೆಯ ಮೊದಲನೆಯ ಶಾಸ್ತ್ರ. ಕೋವಿ ಯಾರದ್ದೇ ಇರಲಿ, ಕೈಗೆ ಬಂದ ಕೂಡಲೇ ಗಜವನ್ನು ನಳಿಗೆಯೊಳಗೆ ಬಿಟ್ಟು ಕಿವಿಗೊಡಬೇಕು. ಒಳಗೆ ಏನೂ ಇಲ್ಲದಿದ್ದರೆ ಹಿತ್ತಾಳೆ ಕಬ್ಬಿಣಕ್ಕೆ ಬಡಿದು ‘ಠಣ್’ ಎನ್ನುತ್ತದೆ. ಗುಂಡು ಕೂತಿದ್ದರೆ ‘ದಪ್’. ಒಬ್ಬರು ಕೇಳಿದರೆ ಸಾಲದು. ಮೊದಲನೆಯವರು ಖಾಲಿ ಎಂದ ಮೇಲೆ ಗಜವನ್ನು ಎರಡನೆಯವರಿಗೆ ದಾಟಿಸಬೇಕು, ಅವರೂ ಬಿಟ್ಟು ಕೇಳಬೇಕು. ಇಬ್ಬರ ಬಾಯಲ್ಲೂ ಒಂದೇ ಉತ್ತರ ಬಂದರೆ ಮಾತ್ರ ಕೋವಿ ಖಾಲಿ. ನಮ್ಮಲ್ಲಿ ಮೊದಲನೆಯವರು ಅಜ್ಜ, ಎರಡನೆಯವಳು ನಾನು. ಈ ಶಾಸ್ತ್ರದ ಹಿಂದೆ ಒಂದು ಕತೆಯಿತ್ತು. ಆ ಕತೆ ಅದೇ ಹಾಲ್‌ನಲ್ಲಿ ಪೇಪರು ಹಿಡಿದು ಕೂತಿರುತ್ತಿತ್ತು.

“ಒಬ್ಬರುಂಟು ಪುಳ್ಳೀ ಈ ಮನೆಯಲ್ಲಿ, ಕೇಳದೆ ತುಂಬಿಸುವವರು,” ಎಂದು ಅಜ್ಜ ಪ್ರತಿ ಶುಕ್ರವಾರ ಪಾಠ ಆರಂಭಿಸುತ್ತಿದ್ದರು. ಪುಳ್ಳಿ ಎಂದರೆ ಮೊಮ್ಮಗಳು, ಅಂದರೆ ನಾನು.

ಪೇಪರಿನ ಹಿಂದಿನಿಂದ ಪಪ್ಪನ ಸ್ವರ ಬರುತ್ತಿತ್ತು. “ತುಂಬಿಸಿದ ಕೋವಿಯನ್ನು ಗೋಡೆಗೆ ನೇತುಹಾಕಿದವರು ಯಾರು ಅಂತಲೂ ಹೇಳಿ ಅಪ್ಪ.”

“ನಾನು ಗುಂಡು ಇಳಿಸದೆ ನೇತುಹಾಕಿದವನೇ ಅಲ್ಲ.”

“ಹಾಗಾದ್ರೆ ಒಳಗೆ ಮೊದಲೇ ಇದ್ದ ಗುಂಡು ಗೋಡೆಯಿಂದ ಹುಟ್ಟಿದ್ದಾ?”

“ಗಡಿಬಿಡಿಯಲ್ಲಿ ನೀನೇ ಎರಡು ಸಲ ತುಂಬಿಸಿದ್ದು!”

ಅಡುಗೆಮನೆಯಿಂದ ಅಮ್ಮ ಸೌಟಿನ ಸಮೇತ ಇಣುಕುತ್ತಿದ್ದಳು. ಅವಳು ಕ್ಲಿನಿಕ್ಕಿನ ನರ್ಸು. ವಾರವಿಡೀ ಪರರ ನೋವು ಕೇಳಿ ಬಂದವಳಿಗೆ ಶುಕ್ರವಾರ ಇದು. “ಮಾವಾ, ಇಪ್ಪತ್ತೈದು ವರ್ಷ ಆಯ್ತು. ಆ ಹಂದಿ ಕೂಡ ಮರೆತಿರ್ಬಹುದು. ನೀವಿಬ್ರು ಯಾವಾಗ ಮರೀತೀರಿ? ಮತ್ತೆ ನನ್ನ ರವೆ ಡಬ್ಬ ಎಲ್ಲಿ?”

ನಡೆದದ್ದು ಇಷ್ಟು. ಪಪ್ಪನಿಗೆ ಹತ್ತೊಂಬತ್ತು ವರ್ಷವಿದ್ದಾಗ ಗದ್ದೆಗೆ ಹಂದಿ ಬಂದಿದೆಯೆಂದು ಕೂಗು ಕೇಳಿ, ಗೋಡೆಯ ಕೋವಿ ತೆಗೆದು, ಮದ್ದು ಗುಂಡು ತುಂಬಿಸಿ ಓಡಿದರು. ಗುಂಡು ಹೊರಡುವ ಬದಲು ನಳಿಗೆ ಹಲಸಿನ ಹಣ್ಣಿನ ಹಾಗೆ ಉಬ್ಬಿ ಸೀಳಿತು. ಚೂರೊಂದು ಪಪ್ಪನ ಗಲ್ಲ ಸೀಳಿಕೊಂಡು ಹೋಯಿತು. ಆ ಗಾಯದ ಗೀರು ಕ್ಷೌರ ಮಾಡುವಾಗಲೆಲ್ಲ ಅವರಿಗೆ ಅಡ್ಡ ಬರುತ್ತಿತ್ತು. ಒಳಗೆ ಒಂದರ ಮೇಲೊಂದು ಎರಡು ಗುಂಡು ಇದ್ದವು ಎಂಬುದರಲ್ಲಿ ತಂದೆ ಮಗನಿಗೆ ಒಮ್ಮತವಿತ್ತು. ಮೊದಲನೆಯದು ಯಾರದು ಎಂಬುದರಲ್ಲಿ ಮಾತ್ರ ಇರಲಿಲ್ಲ. ಕೋವಿ ಗುಜರಿಗೆ ಹೋಯಿತು, ಗಜ ಉಳಿಯಿತು, ಜಗಳವೂ ಉಳಿಯಿತು. ಮೂರು ವರ್ಷದೊಳಗೆ ಪಪ್ಪ ಗಲ್ಫಿಗೆ ಬಂದರು. ಅದೇ ಕಾರಣಕ್ಕೆ ಬಂದರೆಂದು ಅವರು ಎಂದೂ ಹೇಳಲಿಲ್ಲ. ಕೋವಿಯ ವಿದ್ಯೆಯನ್ನು ಮಾತ್ರ ಅವರು ಮತ್ತೆ ಮುಟ್ಟಲಿಲ್ಲ.

ಇನ್ನೊಂದು ಸಂಗತಿಯನ್ನು ಇಲ್ಲೇ ದಾಖಲಿಸಬೇಕು. ಅಜ್ಜನ ಕಿವಿ ಮಂದವಾಗುತ್ತ ಬಂದಿತ್ತು. ಟಿ.ವಿ.ಯ ಸದ್ದು ತಿಂಗಳಿಗೊಂದು ಗೆರೆಯಂತೆ ಏರುತ್ತಿತ್ತು. ಗಲ್ಫಿನ ಜನ ಎ.ಸಿ.ಯಲ್ಲಿ ಇದ್ದೂ ಇದ್ದೂ ಮೆಲ್ಲಗೆ ಮಾತಾಡುತ್ತಾರೆ, ಇದು ಅಜ್ಜನ ನಿರ್ಣಯ. ಕಿವಿಯ ಡಾಕ್ಟರಿಗೆ ತೋರಿಸೋಣವೆಂದು ಅಮ್ಮ ಎರಡು ಸಲ ಹೇಳಿದಳು. ಎರಡು ಸಲವೂ ಅಜ್ಜನಿಗೆ ಅದು ಕೇಳಿಸಲಿಲ್ಲ. ಪರದೆ ಪೈಪಿನ ಪಾಠದಲ್ಲಿ ಅವರು ಖಾಲಿ ಎಂದದ್ದು ಸರಿಯಾಗಿಯೇ ಇರುತ್ತಿತ್ತು, ಯಾಕೆಂದರೆ ಅದನ್ನು ಹಿಂದಿನ ವಾರ ಖಾಲಿ ಮಾಡಿಟ್ಟವರು ಅವರೇ.

ಪಪ್ಪ ಕೆಲಸ ಮಾಡುತ್ತಿದ್ದುದು ಬನಿಯಾಸ್‌ನ ಒಂದು ದೊಡ್ಡ ವಿಲ್ಲಾದಲ್ಲಿ. ಅಲ್ಲಿಯ ಎ.ಸಿ., ನೀರು, ಕರೆಂಟು, ತೋಟ ಎಲ್ಲದರ ಉಸ್ತುವಾರಿ ಅವರದು. ಮನೆಯ ಯಜಮಾನರನ್ನು ಎಲ್ಲರಂತೆ ಅವರೂ ಅರ್ಬಾಬ್ ಎನ್ನುತ್ತಿದ್ದರು. ಅರ್ಬಾಬ್‌ಗೂ ಅಜ್ಜನಷ್ಟೇ ವಯಸ್ಸು. ಅವರ ಮಜ್ಲಿಸ್‌ನ, ಅಂದರೆ ಅತಿಥಿಗಳನ್ನು ಕೂರಿಸುವ ದೊಡ್ಡ ಕೋಣೆಯ ಗೋಡೆಯಲ್ಲಿ ಅವರ ತಂದೆಯ ಕಾಲದ ಒಂದು ಕೇಪಿನ ಕೋವಿಯಿತ್ತು. ಮೊಮ್ಮಗನ ಮದುವೆ ನಿಶ್ಚಯವಾಗಿತ್ತು. ಆ ದಿನ ತಮ್ಮ ತೋಟದ ಹಿಂದಿನ ಮರಳಿನಲ್ಲಿ, ಬೇಕಾದ ಅನುಮತಿಯೆಲ್ಲ ಪಡೆದು, ಮದುಮಗನ ಕೈಯಿಂದ ಅದನ್ನು ಒಂದು ಸಲ ಹಾರಿಸಬೇಕು, ಗುಂಡಿಲ್ಲದೆ, ಬರೀ ಮದ್ದು ಹಾಕಿ, ಎಂಬುದು ಅವರ ಆಸೆ. ಅದನ್ನು ತುಂಬಿಸಲು ಗೊತ್ತಿದ್ದವರು ಆ ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಅದರ ಗಜವೂ ಎಂದೋ ಕಳೆದುಹೋಗಿತ್ತು. ತಮ್ಮ ತಂದೆಗೆ ಗೊತ್ತೆಂದು ಪಪ್ಪ ಯಾವುದೋ ಮಾತಿನ ಭರದಲ್ಲಿ ಹೇಳಿಬಿಟ್ಟರು.

“ಶುಕ್ರವಾರ ಬೆಳಿಗ್ಗೆ ಕರ್ಕೊಂಡು ಬಾ ಅಂದ್ರು,” ಎಂದು ಪಪ್ಪ ಊಟದ ಹೊತ್ತಿಗೆ ತಿಳಿಸಿದರು. ಅಜ್ಜನಿಗೆ ಕೇಳಿಸಲೆಂದು ಅದನ್ನು ಮೂರು ಸಲ ತಿಳಿಸಿದರು.

ಆ ವಾರ ನಮ್ಮ ಮನೆಯಲ್ಲಿ ರಾಜತಾಂತ್ರಿಕ ಭೇಟಿಯ ಸಿದ್ಧತೆ ನಡೆಯಿತು. ಪಂಚೆಗೆ ಇಸ್ತ್ರಿ. ಗಜದ ಹಿತ್ತಾಳೆ ತುದಿಗೆ ಹುಣಸೆಹುಳಿಯ ಅಭ್ಯಂಜನ. ಎಡಗಡೆಯ ಬೈತಲೆಯೋ ಬಲಗಡೆಯದೋ ಎಂದು ಅಜ್ಜ ಅಮ್ಮನನ್ನೇ ಕೇಳಿದರು. ಇದು ನಗುವ ವಿಷಯವಲ್ಲ. ಈ ಊರಿನಲ್ಲಿ ಅಜ್ಜನಿಗೆ ರಸ್ತೆ ದಾಟಲು ನನ್ನ ಕೈ ಬೇಕಿತ್ತು, ಲಿಫ್ಟಿನ ಗುಂಡಿ ಒತ್ತಲು ನನ್ನ ಬೆರಳು ಬೇಕಿತ್ತು. ಬಂದ ಎರಡು ವರ್ಷದಲ್ಲಿ ಇಲ್ಲಿ ಯಾರೊಬ್ಬರೂ ಅವರನ್ನು ‘ನಿಮಗೆ ಏನು ಗೊತ್ತು?’ ಎಂದು ಕೇಳಿರಲಿಲ್ಲ. ಈಗ ಒಬ್ಬರು ಕೇಳಿದ್ದರು.

ನನಗೆ ಪಪ್ಪ ಪ್ರತ್ಯೇಕವಾಗಿ ಎಚ್ಚರಿಕೆ ಕೊಟ್ಟರು. “ನೋಡು, ಅಲ್ಲಿ ದೊಡ್ಡವರೆಲ್ಲ ಇರ್ತಾರೆ. ಖರ್ಜೂರ ಕೊಟ್ರೆ ತಿನ್ನು. ಬಾಯಿ ಮಾತ್ರ ಬಿಡ್ಬೇಡ. ಆಯ್ತಾ?”

“ಓಕೆ ಪಪ್ಪ.”

ಮಜ್ಲಿಸ್‌ನಲ್ಲಿ ಮೂರು ಗೋಡೆಗಳಿಗೂ ಒರಗಿಸಿ ದಿಂಬುಗಳು. ಅರ್ಬಾಬ್ ಎದ್ದು ಬಂದು ಅಜ್ಜನ ಕೈ ಹಿಡಿದು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಮದುಮಗ, ಅವನ ತಂದೆ, ನಾಲ್ಕೈದು ಮಂದಿ ನೆಂಟರು. ಇಷ್ಟು ವರ್ಷದಲ್ಲಿ ಪಪ್ಪ ಆ ಕೋಣೆಯಲ್ಲಿ ಕೂತದ್ದು ಅದೇ ಮೊದಲು; ಅದುವರೆಗೆ ಅವರು ಅಲ್ಲಿ ಏಣಿಯ ಮೇಲೆಯೇ ಇದ್ದದ್ದು. ಅರ್ಬಾಬ್‌ಗೆ ಹಿಂದಿ ಬರುತ್ತಿತ್ತು, ಅಜ್ಜನಿಗೆ ತುಳು ಮತ್ತು ಕನ್ನಡ ಬಿಟ್ಟು ಯಾವುದೂ ಬಾರದು. ತರ್ಜುಮೆಗೆಂದು ಪಪ್ಪ ನಡುವೆ ಕೂತರು. ಆದರೆ ಅವರಿಗೆ ಹೆಚ್ಚಿನ ಕೆಲಸ ಸಿಗಲಿಲ್ಲ.

“ಬಾಬಾ, ಶಿಕಾರ್ ಮೇಂ ಕಿತ್ನಾ ಗೋಲಿ?” ಎಂದರು ಅರ್ಬಾಬ್ ಗಟ್ಟಿಯಾಗಿ, ಬೇಟೆಗೆ ಎಷ್ಟು ಗುಂಡು ಎಂದು.

ಅಜ್ಜ ಒಂದು ಬೆರಳು ಎತ್ತಿದರು.

ಅರ್ಬಾಬ್ ಕೂಡ ಒಂದು ಬೆರಳು ಎತ್ತಿದರು. ಅವರ ತಂದೆಯೂ ಮರಳುಗಾಡಿನಲ್ಲಿ ಜಿಂಕೆಯ ಹಿಂದೆ ಒಂದೇ ಗುಂಡಿನಲ್ಲಿ ಹೋಗುತ್ತಿದ್ದರಂತೆ. ಎಷ್ಟು ಹತ್ತಿರ ಎಂದು ಅಜ್ಜ ಕೈಯಲ್ಲೇ ಕೇಳಿದರು. ಅರ್ಬಾಬ್ ಕೋಣೆಯ ಬಾಗಿಲಿನ ಕಡೆ, ಅದರಾಚೆಯ ಅಂಗಳದ ಕಡೆ, ಅಂಗಳದಾಚೆ ನಿಂತ ಕಾರಿನ ಕಡೆ ಬೆರಳು ತೋರಿಸಿದರು. ಅಜ್ಜ ತಲೆಯಾಡಿಸಿ ಬೆರಳನ್ನು ಅಂಗಳದಲ್ಲೇ ನಿಲ್ಲಿಸಿದರು. ಹಂದಿಗೆ ಅಷ್ಟೇ. ಇಬ್ಬರೂ ನಕ್ಕರು. ಪಪ್ಪ ಇಬ್ಬರ ಮುಖವನ್ನೂ ನೋಡುತ್ತ ಖರ್ಜೂರ ತಿಂದರು.

ಕೋವಿ ಇಳಿದು ಬಂತು. ಅದು ನನಗಿಂತ ಉದ್ದವಿತ್ತು, ಹಿಡಿಯ ಮೇಲೆ ಬೆಳ್ಳಿಯ ಪಟ್ಟಿ ಇತ್ತು. ಅಜ್ಜ ಎದ್ದು ನಿಂತು, ಪಂಚೆ ಸರಿಮಾಡಿಕೊಂಡು, ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡರು. ಬಾಯಿಯನ್ನು ಮೇಲಕ್ಕೆ, ಜನರಿಲ್ಲದ ಕಡೆಗೆ ವಾಲಿಸಿದರು. ತಮ್ಮ ಗಜವನ್ನು ಕಂಕುಳಿನಿಂದ ತೆಗೆದು ನಳಿಗೆಯೊಳಗೆ ಬಿಟ್ಟರು. ತಲೆ ವಾಲಿಸಿ ಕೇಳಿದರು. ಇಡೀ ಮಜ್ಲಿಸ್ ಅವರೊಂದಿಗೆ ಕೇಳಿತು.

“ಖಾಲಿ,” ಎಂದರು ಅಜ್ಜ.

“ಅಂದರ್ ಕುಚ್ ಮಾಫಿ,” ಎಂದು ಪಪ್ಪ ತರ್ಜುಮೆ ಮಾಡಿದರು. ಒಳಗೆ ಏನೂ ಇಲ್ಲ. ಮದುಮಗ “ಯಲ್ಲಾ!”, ನಡೆಯಿರಿ, ಎಂದು ಎದ್ದು ಕೈ ಚಾಚಿದ.

ನನಗೆ ಕೇಳಿಸಿದ್ದು ‘ದಪ್’.

ಬಾಯಿ ಬಿಡಬೇಡ ಎಂದಿದ್ದರು ಪಪ್ಪ. ಬಿಟ್ಟರೆ ಅಜ್ಜನಿಗೆ ಕಿವಿ ಕೇಳಿಸುವುದಿಲ್ಲವೆಂದು ಅವರ ಜೀವಮಾನದ ಏಕೈಕ ಮಜ್ಲಿಸ್‌ನಲ್ಲಿ ಸಾರಿದಂತಾಗುತ್ತದೆ. ಬಿಡದಿದ್ದರೆ ಆ ನಗುಮುಖದ ಮದುಮಗ ಹೊಸ ಮದ್ದನ್ನು ಹಳೆಯ ಗುಂಡಿನ ಮೇಲೆ ಸುರಿದು ಕೆನ್ನೆಗೆ ಒತ್ತಿ ಹಿಡಿಯುತ್ತಾನೆ. ನಾನು ಪಪ್ಪನ ಗಲ್ಲದ ಗೀರನ್ನು ನೋಡಿದೆ. ಪಪ್ಪ ಬೇರೆ ಕಡೆ ನೋಡುತ್ತಿದ್ದರು. ಅಜ್ಜ ತಪ್ಪು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಬಂದದ್ದು ಶುಕ್ರವಾರದ ಪಾಠ.

“ಅಜ್ಜಾ,” ಎಂದೆ, ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ, “ಎರಡನೇ ಸಲ ಕೇಳ್ಲಿಕ್ಕೆ ಬಾಕಿ ಉಂಟು.”

ಪಪ್ಪನ ಕಣ್ಣು ನನ್ನನ್ನು ಸುಟ್ಟಿತು. ಅಜ್ಜ ನನ್ನ ಮುಖವನ್ನು ನೋಡಿದರು, ಹಂದಿ ಹತ್ತಿರ ಬಂದ ಮೇಲೂ ಸ್ವಲ್ಪ ಕಾಯುವವರ ಹಾಗೆ. ಆಮೇಲೆ ಚಾಚಿದ್ದ ಮದುಮಗನ ಕೈಯನ್ನು ಮೆಲ್ಲಗೆ ಬದಿಗೆ ಸರಿಸಿ, ಗಜವನ್ನು ನನಗೆ ಕೊಟ್ಟರು.

“ಹೌದು. ಕ್ರಮ ಅಂದ್ರೆ ಕ್ರಮ. ಕೇಳು ಪುಳ್ಳೀ.”

ಅವರು ಕೋವಿಯನ್ನು ನನ್ನ ಎತ್ತರಕ್ಕೆ ಓರೆಮಾಡಿ ಹಿಡಿದರು. ನಾನು ಗಜ ಬಿಟ್ಟೆ.

“ದಪ್ ಅಂತ ಉಂಟು ಅಜ್ಜ.”

“ಇನ್ನೊಮ್ಮೆ.”

ಬಿಟ್ಟೆ. “ದಪ್.”

ಆಗ ಪಪ್ಪ ಎದ್ದರು. ಇಪ್ಪತ್ತೈದು ವರ್ಷದಿಂದ ಗಜವನ್ನು ಮುಟ್ಟದ ಮನುಷ್ಯ ನಳಿಗೆಯ ಬಾಯಿಯ ಹತ್ತಿರ ಗಜದ ಮೇಲೆ ಹೆಬ್ಬೆರಳಿಟ್ಟು ಗುರುತು ಹಿಡಿದರು. ಹೊರಗೆಳೆದು ನಳಿಗೆಯ ಪಕ್ಕಕ್ಕೆ ಅಷ್ಟೇ ಉದ್ದಕ್ಕೆ ಇಟ್ಟು ನೋಡಿದರು. ಗಜದ ತುದಿ ಕೇಪು ಕೂರುವ ಜಾಗದವರೆಗೆ ಬರಬೇಕಿತ್ತು. ನಾಲ್ಕು ಬೆರಳು ಮೊದಲೇ ನಿಂತಿತ್ತು. ಅವರು ಆ ನಾಲ್ಕು ಬೆರಳನ್ನು ಎಲ್ಲರಿಗೂ ತೋರಿಸಿದರು. ಮದುಮಗ ಮೆಲ್ಲಗೆ ಕೂತ.

ಅಜ್ಜ ಒಂದು ಕ್ಷಣ ತಲೆ ತಗ್ಗಿಸಿದರು. ಆಮೇಲೆ ಅರ್ಬಾಬ್ ಕಡೆ ತಿರುಗಿ, ತಮ್ಮ ಕಿವಿಯನ್ನು ಮುಟ್ಟಿ, ಕೈಯನ್ನು ‘ಖಲಾಸ್’ ಎಂಬಂತೆ ಆಡಿಸಿದರು. ಗಲ್ಫಿನಲ್ಲಿ ಅವರು ಕಲಿತ ಒಂದೇ ಸಂಜ್ಞೆ ಅದು. ನನ್ನ ತಲೆಯ ಮೇಲೆ ಕೈಯಿಟ್ಟರು. “ಇದು ನನ್ನ ಮಗನ ಮಗಳು. ಕೇಳಿದ್ದು ಇವಳು. ಹೇಳು ಸದಾ ಅವರಿಗೆ.”

ಸದಾ ಎಂದರೆ ಸದಾಶಿವ, ನನ್ನ ಪಪ್ಪ. ಅವರು ಹೇಳಿದರು.

ಮದ್ದು ಸಾಯಲೆಂದು ನಳಿಗೆಗೆ ನೀರು ಹೊಯ್ದು, ಮೂರು ಸುತ್ತು ಖಾವಾ, ಅಂದರೆ ಅರಬರ ಕಾಫಿ, ಕುಡಿಯುವಷ್ಟು ಹೊತ್ತು ಕಾದೆವು. ಗಜದ ಹಿತ್ತಾಳೆ ಟೊಪ್ಪಿ ತಿರುಗಿಸಿ ತೆಗೆದರೆ ಒಳಗೆ ಒಂದು ಚೂಪು ತಿರುಪು ಅಡಗಿತ್ತು, ನನಗೇ ಗೊತ್ತಿರದ ಗುಟ್ಟು. ಅಜ್ಜ ಹೇಳಿಕೊಟ್ಟರು, ಪಪ್ಪ ತಿರುಗಿಸಿ ಎಳೆದರು. ಬಟ್ಟೆ ಸಮೇತ ಗುಂಡು ಬಂತು. ಬೂದು ಬಣ್ಣದ ಈಯ, ಅದನ್ನು ಅಪ್ಪಿಕೊಂಡ ಬಟ್ಟೆಯ ತುಂಡು. ಅರ್ಬಾಬ್ ಬಟ್ಟೆಯನ್ನು ಬಿಡಿಸಿದರು. ಮಡಿಕೆಯ ಒಳಗೆ ಮಸಿ ತಾಗದ ಕಡೆ ಹಸಿರು ಬಣ್ಣ, ಅಂಚಿನಲ್ಲಿ ಎರಡು ಎಳೆ ಜರಿ. ಅವರು ಅದನ್ನು ಬಹಳ ಹೊತ್ತು ನೋಡಿದರು. ನನ್ನ ತಾಯಿಯದು, ಎಂದು ಹಿಂದಿಯಲ್ಲಿ ಹೇಳಿ ಅಂಗೈಯಲ್ಲಿ ಮುಚ್ಚಿಕೊಂಡರು. ಆಮೇಲೆ ತಲೆಯಾಡಿಸುತ್ತ ನಕ್ಕು ಇನ್ನೇನೋ ಅಂದರು. ಪಪ್ಪ ತರ್ಜುಮೆ ಮಾಡಿದರು.

“ಅವರ ತಂದೆ ಜಿಂಕೆ ಸಿಕ್ಕದೆ ವಾಪಸ್ ಬಂದಿರ್ಬೇಕಂತೆ. ತುಂಬಿಸಿದ್ದನ್ನು ಹಾಗೇ ನೇತುಹಾಕಿದ್ದಾರೆ. ಗುಂಡು ಇಳಿಸಿಟ್ಟಿದ್ದೇನೆ ಅಂತಲೇ ಸಾಯುವವರೆಗೂ ಹೇಳ್ತಿದ್ರಂತೆ.”

ಅಜ್ಜ ಗಜದ ಟೊಪ್ಪಿಯನ್ನು ತಿರುಗಿಸಿ ಕೂರಿಸುತ್ತಿದ್ದರು. ಕೇಳಿಸಲಿಲ್ಲವೇನೋ ಎಂದು ಪಪ್ಪ ಇನ್ನೊಮ್ಮೆ ಹೇಳಲು ಹೊರಟರು. ಅಜ್ಜ ಕೈಯೆತ್ತಿ ತಡೆದರು.

ಜುಮ್ಮಾದ ನಮಾಜಿಗೆ ಜನ ಹೊರಡುವ ಹೊತ್ತಿಗೆ ನಾವು ಹೊರಟೆವು. ಮನೆಯಲ್ಲಿ ಅಮ್ಮ ಅಂಜಲ್ ಮೀನಿನ ಗಸಿ ಮಾಡಿದ್ದಳು. ನಮ್ಮಲ್ಲಿ ಮೀನಿನ ತಲೆ ಮನೆಯ ಹಿರಿಯರಿಗೆ. ಅದನ್ನು ಅಜ್ಜನ ಬಟ್ಟಲಿಗೆ ಬಡಿಸಿದಳು. ಅಜ್ಜ ಅದನ್ನು ಮುಟ್ಟಲಿಲ್ಲ.

“ಸದಾ. ಅವತ್ತು ಗುಂಡು ಇಳಿಸಿಯೇ ಕೋವಿ ನೇತುಹಾಕಿದ್ದೆ ಅಂತ ನನಗೆ ನೆನಪು.”

“ಗೊತ್ತುಂಟು ಅಪ್ಪ. ಬಿಡಿ ಈಗ.”

“ಬಿಡುವುದಲ್ಲ. ನೆನಪನ್ನು ನಾನು ಒಂದೇ ಸಲ ಕೇಳಿದ್ದು ಮಾರಾಯ. ಎರಡನೇ ಸಲ ಕೇಳ್ಲೇ ಇಲ್ಲ.”

ಮೀನಿನ ತಲೆಯನ್ನು ಎತ್ತಿ ಪಪ್ಪನ ಬಟ್ಟಲಿಗೆ ಇಟ್ಟರು. ಪಪ್ಪ ಅದನ್ನೇ ನೋಡುತ್ತ ಕೂತರು; ಕೈ ಗಲ್ಲದ ಗೀರಿನ ಮೇಲಿತ್ತು. ಅಮ್ಮ ಗಸಿಯ ಪಾತ್ರೆಯನ್ನು ಹತ್ತಿರ ಸರಿಸಿದಳು. “ತಣ್ಣಗಾಗ್ತದೆ. ತಿನ್ನಿ.”

ಮರುದಿನವೇ ಅಜ್ಜ ಕಿವಿಯ ಡಾಕ್ಟರಿಗೆ ತೋರಿಸಲು ಒಪ್ಪಿದರೆಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. ಅದಕ್ಕೆ ಇನ್ನೂ ಎಂಟು ತಿಂಗಳು ಹಿಡಿಯಿತು. ಮದುವೆಯ ದಿನ ಕೋವಿ ಹಾರಿತು. ಬರೀ ಮದ್ದು, ದೊಡ್ಡ ಹೊಗೆ. ತುಂಬಿಸಿದವರು ಅಜ್ಜ, ಅದಕ್ಕೆ ಮೊದಲು ಕೇಳಿದವರು ಇಬ್ಬರು. ನನಗೆ ನೆನಪಿರುವುದು ಅದಕ್ಕಿಂತ ಹಿಂದಿನ ಶುಕ್ರವಾರ, ನಮ್ಮ ಹಾಲ್‌ನಲ್ಲಿ. ಪರದೆಯ ಪೈಪು ಸಿದ್ಧವಾಗಿತ್ತು, ರವೆಯ ಡಬ್ಬ ಅಡುಗೆಮನೆಯಿಂದ ಕಾಣೆಯಾಗಿತ್ತು. ಪಪ್ಪ ಪೇಪರಿನ ಹಿಂದೆ ಇದ್ದರು. ಒಬ್ಬರುಂಟು ಈ ಮನೆಯಲ್ಲಿ ಎಂಬ ಮಾತಿಗೆ ನಾನು ಕಾದೆ. ಅದು ಬರಲಿಲ್ಲ. ಅಜ್ಜ ಗಜವನ್ನು ನನ್ನ ಕೈಗಿಟ್ಟರು.

“ಇನ್ನು ಮೊದಲನೆಯವಳು ನೀನು.”

ನಾನು ಬಿಟ್ಟೆ. “ಖಾಲಿ ಅಜ್ಜ. ಎರಡನೆಯವರು ಯಾರು?”

ಅಜ್ಜ ಪೇಪರಿನ ಕಡೆ ನೋಡಿದರು. ಪೇಪರು ನಾಲ್ಕಾಗಿ ಮಡಚಿಕೊಂಡಿತು. ಪಪ್ಪ ಎದ್ದು ಬಂದು, ನನ್ನ ಕೈಯಿಂದ ಗಜ ತೆಗೆದುಕೊಂಡು, ಪೈಪಿನೊಳಗೆ ಬಿಟ್ಟು, ತಲೆ ವಾಲಿಸಿ ಕೇಳಿದರು.

“ಖಾಲಿ,” ಎಂದರು, ತಮ್ಮ ಅಪ್ಪನಿಗೆ ಕೇಳಿಸುವಷ್ಟು ಗಟ್ಟಿಯಾಗಿ.